ಬಾಗಿಲಣ್ಣನ ಕಲ್ಲು

ಲೋಕದಲ್ಲಿ ಬಾಗಿಲು ಕಾಯುವವರು ಎರಡು ಬಗೆ. ಬಾಗಿಲು ಹಾಕಿಕೊಂಡು ಕಾಯುವವರು ಒಂದು ಬಗೆ; ಅಂಥವರು ಕೋಟಿಗಟ್ಟಲೆ ಇದ್ದಾರೆ. ಬಾಗಿಲು ತೆರೆದಿಟ್ಟು ಕಾಯುವವರು ಇನ್ನೊಂದು ಬಗೆ. ಆ ಬಗೆಯಲ್ಲಿ ಇದುವರೆಗೆ ಹುಟ್ಟಿದವನು ನಮ್ಮ ಬಾಗಿಲಣ್ಣ ಒಬ್ಬನೇ.

ಅವನು ಬಾಗಿಲು ಮುಚ್ಚಿದ್ದನ್ನು ಕಂಡ ಕಣ್ಣುಗಳಿಲ್ಲ. ಬೀರು ತೆಗೆದರೆ ಬೀರು ತೆರೆದೇ ಇರುತ್ತಿತ್ತು, ಬಚ್ಚಲಿಗೆ ಹೋದರೆ ಒಳಗಿಂದ ಹಾಡು ಕೇಳಿಸುತ್ತಿತ್ತು, ಯಾರೂ ಒಳಗೆ ನುಗ್ಗದಿರಲಿ ಎಂದು. ಒಮ್ಮೆ ಬಿರುಗಾಳಿ ಬೀಸಿ ಬೀದಿಯ ಬಾಗಿಲುಗಳೆಲ್ಲ ದಢಾರನೆ ಮುಚ್ಚಿಕೊಂಡಾಗ ನಮ್ಮ ಸಮುದಾಯ ಭವನದ ಬಾಗಿಲು ಮಾತ್ರ ಕದಲಲಿಲ್ಲವಂತೆ. ಗಾಳಿಯೇ ಒಳಗೆ ಬಂದು, ಬೆಂಚಿನ ಮೇಲೆ ಕೂತು, ದಣಿವಾರಿಸಿಕೊಂಡು ಹೋಯಿತಂತೆ. ಹೇಳುವವರು ಹೇಳುತ್ತಾರೆ, ನಾವು ನಂಬುತ್ತೇವೆ.

ಈ ಮಹಿಮೆಯ ಹಿಂದೆ ಒಂದು ಕಲ್ಲಿತ್ತು. ಎರಡು ಮುಷ್ಟಿ ಗಾತ್ರದ ಬೂದು ಕಲ್ಲು. ಪ್ರಾರ್ಥನಾ ಮಂದಿರಕ್ಕೆ ಅಂಟಿಕೊಂಡ ಭವನದ ದೊಡ್ಡ ಬಾಗಿಲು ತನ್ನ ಭಾರಕ್ಕೆ ತಾನೇ ಮುಚ್ಚಿಕೊಳ್ಳುವಂಥದ್ದು. ಬಾಗಿಲಣ್ಣ ಬೆಳಿಗ್ಗೆ ಅದನ್ನು ತೆರೆದು, ಕಾಲಿನಿಂದ ಕಲ್ಲನ್ನು ತಳ್ಳಿ ಅಡ್ಡ ಕೊಟ್ಟರೆ ಅವನ ದಿನ ಶುರು. ಇಪ್ಪತ್ತಾರು ವರ್ಷ ಹೀಗೇ ನಡೆಯಿತು. ಹಿಂದೊಮ್ಮೆ ಬಾಗಿಲಿಗೆ ಹಸಿರು ಬಣ್ಣ ಬಳಿದಾಗ ಕಲ್ಲಿಗೂ ಒಂದು ಪಟ್ಟೆ ಪಾಲು ಸಿಕ್ಕಿತ್ತು. ಅದಕ್ಕೆ ಎಡವದ ಹೆಬ್ಬೆರಳು ನಮ್ಮ ಸಮುದಾಯದಲ್ಲಿ ಇರಲಿಲ್ಲ. ಆದರೆ ಎಡವಿದವರು ಬೆರಳು ನೋಡಿಕೊಳ್ಳುತ್ತಾರೆ, ಕಲ್ಲನ್ನು ಯಾರು ನೋಡುತ್ತಾರೆ?

ತೆರೆದ ಬಾಗಿಲಿನಿಂದ ಬರುವವರಲ್ಲಿ ಎದುರು ಅಂಗಡಿಯ ದರ್ಜಿಯೂ ಒಬ್ಬ. ಅವನ ದೇವರು ಬೇರೆ, ಬಾಯಾರಿಕೆ ನಮ್ಮಂಥದ್ದೇ. ದಿನಾ ಹನ್ನೊಂದು ಗಂಟೆಗೆ ಕೊಡ ಹಿಡಿದು, ಬಲಗಾಲು ಎಳೆಯುತ್ತ ಬೀದಿ ದಾಟಿ ಬಂದು, ನಮ್ಮ ಅಂಗಳದ ನಲ್ಲಿಯಲ್ಲಿ ನೀರು ಹಿಡಿದು, ಬಾಗಿಲಣ್ಣನ ಪಕ್ಕ ಮೆಟ್ಟಿಲ ಮೇಲೆ ಕೂರುತ್ತಿದ್ದ.

"ಏನಯ್ಯಾ, ನಿಮ್ಮ ದೇವರು ಇನ್ನೂ ಎದ್ದಿಲ್ವಾ?"

"ಎದ್ದಿದ್ದಾನೆ. ನೀನು ಹೊಲಿದ ಪ್ಯಾಂಟು ಹಾಕ್ಕೊಂಡು ಕೂರೋಕಾಗ್ದೆ ನಿಂತೇ ಇದ್ದಾನೆ."

ಇಷ್ಟು ಆಡಿಕೊಂಡ ಮೇಲೆಯೇ ಇಬ್ಬರಿಗೂ ಕೆಲಸ ಹತ್ತುತ್ತಿತ್ತು.

ಅನಾಹುತ ಆದದ್ದು ಒಂದು ಮಧ್ಯಾಹ್ನ. ಬೀದಿ ಕಡೆಯ ಎತ್ತರದ ಕಿಟಕಿಯ ಕೊಕ್ಕೆ ಮುರಿದು, ಗಾಳಿ ಬಂದಾಗಲೆಲ್ಲ ಅದು ಪಟಪಟ ಬಡಿಯುತ್ತಿತ್ತು. ಬಡಗಿಯನ್ನು ಕರೆಸಬೇಕೆಂದು ಕಾರ್ಯದರ್ಶಿಗಳು ಬಾಗಿಲಣ್ಣನಿಗೆ ಬಾಯಲ್ಲಿ ಎರಡು ಸಲ, ಬರಹದಲ್ಲಿ ಒಂದು ಸಲ ಹೇಳಿದ್ದರು. ಅವನು ಬಡಗಿಯ ಬದಲು ಕಲ್ಲನ್ನು ಕರೆದ. ಬಾಗಿಲಿಗೆ ಒಂದು ಬೆಂಚು ಅಡ್ಡ ಕೊಟ್ಟು, ಕಲ್ಲನ್ನು ಎತ್ತಿಕೊಂಡು ಏಣಿ ಹತ್ತಿ, ಕಿಟಕಿಯ ಅಂಚಿನ ಮೇಲಿಟ್ಟು, ತೆರೆದ ಗಾಜಿನ ಕದಕ್ಕೆ ಅಡ್ಡ ಕೊಟ್ಟು, ಭವನದ ಹಿಂದಿನ ತನ್ನ ಎರಡು ಕೋಣೆಯ ಮನೆಗೆ ಊಟಕ್ಕೆ ಹೋದ. ಕೈ ತೊಳೆದು ವಾಪಸು ಬರುವಷ್ಟರಲ್ಲಿ ಗಾಳಿ ಆ ಕದವನ್ನು ಕಲ್ಲಿಗೆ ಅಪ್ಪಳಿಸಿ, ಗಾಜು ಪುಡಿಯಾಗಿ, ಕಲ್ಲು ಭವನದ ನಡುವೆ ಬಿದ್ದಿತ್ತು.

ಕಲ್ಲಿನ ಸುತ್ತ ಅಧ್ಯಕ್ಷರು, ಕಾರ್ಯದರ್ಶಿ, ಇಬ್ಬರು ಪೊಲೀಸರು. ಬಾಗಿಲಣ್ಣ ನಿಜ ಹೇಳಲೆಂದೇ ಬಾಯಿ ತೆರೆದ. ಅಷ್ಟರಲ್ಲಿ ಅಧ್ಯಕ್ಷರು ಓಡಿ ಬಂದು ಅವನನ್ನು ತಬ್ಬಿಕೊಂಡರು.

"ದೇವ್ರು ದೊಡ್ಡೋನು ಕಣಯ್ಯಾ! ಯಾರೋ ಕಲ್ಲು ಎಸೆದಾಗ ನೀನು ಒಳಗಿದ್ದಿದ್ರೆ ಏನ್ ಗತಿ?"

ಅಧ್ಯಕ್ಷರ ಎದೆಗೆ ಒತ್ತಿಕೊಂಡ ಬಾಯಿ ಮುಚ್ಚಿಹೋಯಿತು. ಅವನ ಬದುಕಿನಲ್ಲಿ ಮುಚ್ಚಿದ ಮೊದಲ ಬಾಗಿಲು ಅದು. ಅಪ್ಪುಗೆ ಸಡಿಲವಾದ ಮೇಲೆ ತೆರೆಯಬಹುದಿತ್ತು. ಆದರೆ ಕಾರ್ಯದರ್ಶಿಗಳ ಕಾಗದ ಜೇಬಿನಲ್ಲೇ ಇತ್ತು. ಕೆಲಸ ಹೋದರೆ ಆ ಎರಡು ಕೋಣೆಯೂ ಹೋಗುತ್ತವೆ. ನಾಳೆ ಹೇಳಿದರಾಯಿತು ಅಂದುಕೊಂಡ. ನಾಳೆ ಎನ್ನುವುದು ಎಂಥ ಮೆತ್ತನೆಯ ದಿಂಬು ಎಂದು ತಲೆಯಿಟ್ಟವರಿಗೇ ಗೊತ್ತು.

ಆ ವರ್ಷ ಪಕ್ಕದ ಊರಿನ ನಮ್ಮಂಥದೇ ಒಂದು ಸಮುದಾಯ ಕೇಂದ್ರಕ್ಕೆ ನಿಜವಾಗಿಯೇ ಬೆಂಕಿ ಇಟ್ಟಿದ್ದರು. ನಮ್ಮ ಹೆದರಿಕೆ ಸುಳ್ಳಲ್ಲ, ಕಲ್ಲು ಮಾತ್ರ ಸುಳ್ಳು. ಎಲ್ಲ ಧರ್ಮಗಳ ಸಮುದಾಯ ಕೇಂದ್ರಗಳ ಭದ್ರತೆಗೆ ಸರ್ಕಾರ ಅನುದಾನ ಕೊಡುವುದಾಗಿ ಹೇಳಿತು. ಅರ್ಜಿಯಲ್ಲಿ 'ಈಚೆಗೆ ನಡೆದ ಘಟನೆಗಳ ವಿವರ' ಎಂಬ ಅಂಕಣವಿತ್ತು. ನಮ್ಮ ಕಾರ್ಯದರ್ಶಿಗಳು ನಿವೃತ್ತ ಹೆಡ್ಮಾಸ್ಟರು. ಒಂದು ಕಲ್ಲಿಗೆ ಏಳು ಪುಟ ಬರೆದರು. ಕಲ್ಲು ಗಾಳಿಯನ್ನು ಸೀಳಿತು, ಗಾಜು ಆರ್ತನಾದ ಮಾಡಿತು, ಶತಮಾನದ ಶಾಂತಿ ಚೂರಾಯಿತು. 'ಯಾವ ದಿಕ್ಕಿನಿಂದ' ಎಂಬ ಪ್ರಶ್ನೆಗೆ ಮಾತ್ರ ಒಂದೇ ಸಾಲು: ಎದುರಿನ ದರ್ಜಿ ಅಂಗಡಿಯ ಕಡೆಯಿಂದ.

ಅವರು ದರ್ಜಿಯ ಮೇಲೆ ಆರೋಪ ಹೊರಿಸಲಿಲ್ಲ, ಬರೀ ದಿಕ್ಕು ಹೇಳಿದರು. ಪೊಲೀಸರು ಆ ದಿಕ್ಕಿಗೆ ಎರಡು ಸಲ ಹೋಗಿ ವಿಚಾರಿಸಿದರು. ಭವನಕ್ಕೆ ಬರುವ ಹೆಂಗಸರು ರವಿಕೆ ಹೊಲಿಸಲು ಬೇರೆ ದಿಕ್ಕು ಹುಡುಕಿಕೊಂಡರು. ನಮ್ಮ ಮನೆಯವರೂ ಹುಡುಕಿಕೊಂಡರು. ಅದನ್ನು ಈಗ ಬರೆಯುವಾಗ ಕಿವಿ ಬಿಸಿಯಾಗುತ್ತದೆ.

ಅನುದಾನ ಬಂತು. ಉಕ್ಕಿನ ಗೇಟು ಬಂತು, ನಾಲ್ಕು ಕ್ಯಾಮೆರಾ ಬಂದವು, ಗಂಟೆ ಒತ್ತಿ ಹೆಸರು ಹೇಳುವ ಡಬ್ಬಿ ಬಂತು. ಬಾಗಿಲಣ್ಣನಿಗೆ ನೀಲಿ ಟೋಪಿ, ಎದೆಯ ಮೇಲೆ 'ಭದ್ರತಾ ಮೇಲ್ವಿಚಾರಕ' ಎಂಬ ಪಟ್ಟಿ ಬಂದವು. ಲೋಕದ ಏಕೈಕ ತೆರೆದ ಬಾಗಿಲಿನ ಕಾವಲುಗಾರ ಈಗ ದಿನಕ್ಕೆ ನೂರು ಸಲ ಗೇಟು ಮುಚ್ಚುತ್ತಿದ್ದ. ಮೂರನೇ ಕ್ಯಾಮೆರಾ ನೇರ ದರ್ಜಿಯ ಹೊಲಿಗೆ ಯಂತ್ರವನ್ನು ನೋಡುತ್ತಿತ್ತು. ಅದರ ಪರದೆ ಬಾಗಿಲಣ್ಣನ ಮೇಜಿನ ಮೇಲೆ.

ಹೀಗಾಗಿ, ಗೆಳೆಯನನ್ನು ದಿನಕ್ಕೆ ಅರ್ಧ ಗಂಟೆ ನೋಡುತ್ತಿದ್ದವನಿಗೆ ಇಡೀ ದಿನ ನೋಡುವ ಯೋಗ ಬಂತು. ಹನ್ನೊಂದು ಗಂಟೆಗೆ ದರ್ಜಿ ಕೊಡ ಹಿಡಿದು ಹೊರಡುತ್ತಿದ್ದ, ಬೀದಿ ದಾಟುತ್ತಿರಲಿಲ್ಲ. ಎಡಕ್ಕೆ ತಿರುಗಿ, ಮೂಲೆಯ ಆಚೆಗಿರುವ ಸಾರ್ವಜನಿಕ ನಲ್ಲಿಗೆ ಹೋಗುತ್ತಿದ್ದ. ಪರದೆಯಿಂದ ಮರೆಯಾಗುವವರೆಗೆ ಎರಡು ಕಡೆ ನಿಂತು ಮಂಡಿ ಒತ್ತಿಕೊಳ್ಳುತ್ತಿದ್ದ. ಬಾಗಿಲಣ್ಣ ಅದನ್ನು ಎಂಟು ತಿಂಗಳು ನೋಡಿದ. ಕಣ್ಣು ತಿರುಗಿಸಲು ಹೋದರೆ ಎದೆಯ ಮೇಲಿನ ಪಟ್ಟಿ ಓದಬೇಕಾಗುತ್ತಿತ್ತು.

ಮನೆಯಲ್ಲಿ ಗುಟ್ಟು ನಿಲ್ಲಲಿಲ್ಲ.

"ಏನ್ರೀ ಇದು, ಬೀರು ಬಾಗಿಲು ಮುಚ್ಚಿದ್ದೀರಾ?" ಹೆಂಡತಿ ಗಾಬರಿಯಿಂದ ಅವನ ಹಣೆ ಮುಟ್ಟಿ ನೋಡಿದಳು. "ಜ್ವರಾನಾ?"

"ಇಲ್ಲ."

"ಮತ್ತೆ ಏನಾಗಿದೆ? ಆ ಹಸಿರು ಪಟ್ಟೆ ಕಲ್ಲು ಬಾಗಿಲ ಹತ್ರ ಕಾಣ್ತಿಲ್ಲ ಅಂತ ನಾನೂ ಎಷ್ಟು ದಿನದಿಂದ ಕೇಳ್ಬೇಕು ಅಂತಿದ್ದೆ. ಅರ್ಜಿಗೆ ಅಂಟಿಸಿರೋ ಫೋಟೋದಲ್ಲೂ ಹಸಿರು ಪಟ್ಟೆ ಇದೆಯಂತಲ್ಲ?"

ಬಾಗಿಲಣ್ಣ ತಟ್ಟೆ ನೋಡಿದ. ಅವಳು ಬಡಿಸುವ ಸೌಟನ್ನು ಪಾತ್ರೆಗೆ ಸ್ವಲ್ಪ ಜೋರಾಗಿ ಕುಟ್ಟಿದಳು.

"ಕೋಣೆ ಹೋದ್ರೆ ಇನ್ನೊಂದು ಕೋಣೆ ಸಿಗುತ್ತೆ ಕಣ್ರೀ" ಅಂದಳು, ಒಲೆಯ ಕಡೆ ತಿರುಗಿಕೊಂಡು.

ಮರುದಿನ ಹನ್ನೊಂದಕ್ಕೆ ಬಾಗಿಲಣ್ಣ ಟೋಪಿ ತೆಗೆದಿಟ್ಟು, ಮೊದಲ ಬಾರಿಗೆ ತಾನೇ ಬೀದಿ ದಾಟಿದ. ದರ್ಜಿ ತಲೆಯೆತ್ತಲಿಲ್ಲ.

"ಅಳತೆ ಕೊಡೋಕೆ ಬಂದ್ಯಾ? ಯೂನಿಫಾರಂ ಸೊಂಟದಲ್ಲಿ ಸಡಿಲ ಇದೆ, ಇಲ್ಲಿಂದಲೇ ಕಾಣುತ್ತೆ."

"ಆ ಕಲ್ಲು ನಾನೇ ಕಿಟಕಿ ಮೇಲಿಟ್ಟಿದ್ದು ಕಣೋ. ಗಾಳಿಗೆ ಬಿತ್ತು."

ಯಂತ್ರ ನಾಲ್ಕು ಹೊಲಿಗೆ ಮುಂದೆ ಹೋಗಿ ನಿಂತಿತು.

"ಗೊತ್ತು" ಅಂದ ದರ್ಜಿ. "ಸೂಜಿಗೆ ದಾರ ಪೋಣಿಸ್ತಾ ಕೂತಿದ್ದೆ. ನೀನು ಇಟ್ಟಿದ್ದೂ ನೋಡ್ದೆ, ಅದು ಬಿದ್ದಿದ್ದೂ ನೋಡ್ದೆ."

"ಪೊಲೀಸರು ಎರಡು ಸಲ ಬಂದಾಗ ಹೇಳ್ಬಾರ್ದಿತ್ತಾ?"

"ಹೇಳಿದ್ರೆ ನಿನ್ನ ಕೆಲಸ ಹೋಗ್ತಿತ್ತು." ದಾರವನ್ನು ಹಲ್ಲಿನಿಂದ ಕತ್ತರಿಸಿದ. "ಇವತ್ತು ಹೇಳ್ತಾನೆ, ನಾಳೆ ಹೇಳ್ತಾನೆ ಅಂತ ಕಾದೆ. ಮೊದಲನೇ ವಾರ ಕೋಪ ಇತ್ತು. ಆಮೇಲೆ ಬೇಜಾರು. ಈಗ ಬರೀ ಕೊಡ ಭಾರ."

ಬಯ್ದಿದ್ದರೆ ಬಾಗಿಲಣ್ಣ ಹಗುರಾಗುತ್ತಿದ್ದ. ಯುದ್ಧಕ್ಕೆ ಹೋದವನಿಗೆ ಎದುರಾಳಿ ಕುರ್ಚಿ ಕೊಟ್ಟಂತಾಯಿತು. ಕೂರಲೂ ಆಗದೆ, ನಿಲ್ಲಲೂ ಆಗದೆ ವಾಪಸು ಬಂದ.

ಅದೇ ವಾರ, ಅನುದಾನದ ಕೆಲಸ ಸರಿಯಾಗಿ ಆಗಿದೆಯೇ ಎಂದು ನೋಡಲು ಅಧಿಕಾರಿಣಿಯೊಬ್ಬರು ಬಂದರು. ಅವರು ಗೇಟು ಎಳೆದು ನೋಡಿದರು, ಗಂಟೆ ಒತ್ತಿ ತಮ್ಮ ಹೆಸರು ತಾವೇ ಹೇಳಿದರು, ಕಡತದ ಜೊತೆಗಿಟ್ಟಿದ್ದ ಪ್ಲಾಸ್ಟಿಕ್ ಚೀಲದೊಳಗಿನ ಕಲ್ಲನ್ನು ತಿರುಗಿಸಿ ನೋಡಿದರು. ಇಡೀ ಸಮಿತಿ ಸಾಲಾಗಿ ನಿಂತಿತ್ತು. ಅಧ್ಯಕ್ಷರು ಹೊಸ ಕೋಟಿನಲ್ಲಿದ್ದರು.

"ಈ ಕಲ್ಲು ಎಸೆದವರು ಯಾರು ಅಂತ ಕೊನೆಗೂ ಗೊತ್ತಾಯ್ತಾ?" ಎಂದು ಅಧಿಕಾರಿಣಿ ಸುಮ್ಮನೆ ಕೇಳಿದರು.

"ಗೊತ್ತಾಗಿದೆ ಮೇಡಂ. ಯಾರೂ ಎಸೆದಿಲ್ಲ. ಅದು ನನ್ನ ಕಲ್ಲು" ಅಂದ ಬಾಗಿಲಣ್ಣ.

ಆಮೇಲೆ ಎಲ್ಲವನ್ನೂ ಹೇಳಿದ. ಕೊಕ್ಕೆ, ಏಣಿ, ಊಟ, ಗಾಳಿ. ಕಾರ್ಯದರ್ಶಿಗಳ ಏಳು ಪುಟಗಳು ಒಂದೊಂದಾಗಿ ನೆಲಕ್ಕೆ ಬಿದ್ದಂತೆ ಕೇಳಿಸಿತು. ನಾವೆಲ್ಲ ಆ ಹಸಿರು ಪಟ್ಟೆಯನ್ನು ನೋಡಿದೆವು. ಇಪ್ಪತ್ತಾರು ವರ್ಷ ಎಡವಿದ ನಮ್ಮ ಹೆಬ್ಬೆರಳುಗಳು ಅದನ್ನು ತಕ್ಷಣ ಗುರುತಿಸಿದವು.

ಅಧಿಕಾರಿಣಿ ಪೆನ್ನಿನ ಮುಚ್ಚಳ ಹಾಕಿದರು, ತೆಗೆದರು. "ಅಪಾಯ ಇರೋದೇನೋ ನಿಜ. ಪಕ್ಕದ ಊರಲ್ಲಿ ಆಗಿದ್ದನ್ನ ನಾನೇ ಹೋಗಿ ನೋಡಿದ್ದೀನಿ" ಅಂದರು. "ಗೇಟಿನ ವಿಷಯ ಮೇಲಿನವರು ತೀರ್ಮಾನ ಮಾಡ್ತಾರೆ. ಆದ್ರೆ ದಿಕ್ಕಿನ ಸಾಲನ್ನ ನಾನು ಈಗಲೇ ಹೊಡೆದು ಹಾಕ್ತೀನಿ." ಹೊಡೆದು ಹಾಕಿದರು. ಪೆನ್ನು ಕಾಗದದ ಮೇಲೆ ಕೊರೆದ ಸದ್ದು ಭವನದ ಕೊನೆಯ ಬೆಂಚಿನವರೆಗೂ ಹೋಯಿತು.

ಅಧ್ಯಕ್ಷರಿಗೆ ಸಿಟ್ಟಿಗಿಂತ ವಿಸ್ಮಯ ಹೆಚ್ಚಾಗಿತ್ತು. ಇಂಥ ಗಳಿಗೆಗೆ ಒಂದು ದೊಡ್ಡ ಮಾತು ಬೇಕಲ್ಲವೇ? ದೇವರ ಹೆಸರೋ, ಆತ್ಮಸಾಕ್ಷಿಯ ಹೆಸರೋ ಬರಬೇಕು; ಮುಂದಿನ ಸಭೆಯಲ್ಲಿ ಹೇಳಿಕೊಳ್ಳಲಾದರೂ ಆಗುತ್ತದೆ. ಅವರು ಕೋಟಿನ ಗುಂಡಿ ಸರಿಮಾಡಿಕೊಂಡು, ದನಿ ತಗ್ಗಿಸಿ ಕೇಳಿದರು:

"ತಿಂಗಳುಗಟ್ಟಲೆ ಬಾಯಿ ಹೊಲ್ಕೊಂಡಿದ್ದೋನು ಇವತ್ತು ಇಷ್ಟು ಜನರ ಮುಂದೆ ಬಾಯಿ ಬಿಟ್ಟೆಯಲ್ಲಪ್ಪಾ. ಹೇಳು, ನಿನ್ನೊಳಗೆ ಯಾರು ಬಂದು ಮಾತಾಡಿದ್ರು?"

ಬಾಗಿಲಣ್ಣ ಟೋಪಿಯನ್ನು ಮೇಜಿನ ಮೇಲಿಟ್ಟ.

"ಯಾರೂ ಇಲ್ಲ ಸಾರ್. ದರ್ಜಿಗೆ ಮಂಡಿ ನೋವು. ಆ ನಲ್ಲಿ ದೂರ."