ಬದುವಿನಲ್ಲಿ ಬಿಟ್ಟ ಚಪ್ಪಲಿ

ಹೊಲದಲ್ಲಿ ಚಪ್ಪಲಿ ಮೆಟ್ಟಬಾರದು ಎಂಬುದು ನಮ್ಮ ಮನೆಯಲ್ಲಿ ನಾನು ಮಾಡಿದ ಕಾನೂನು. ಭೂಮಿತಾಯಿ, ಭಕ್ತಿ ಎಂದೇನೂ ಅಲ್ಲ. ಮಳೆಯಾದ ಮೇಲೆ ಎರೆಮಣ್ಣು ಚಪ್ಪಲಿಗೆ ಮೆತ್ತಿಕೊಂಡು ಕಾಲು ಏಳುವುದಿಲ್ಲ, ಕಳೆ ತೆಗೆಯುವ ಕೆಲಸ ಹಿಂದೆ ಬೀಳುತ್ತದೆ. ರಜೆಯಲ್ಲಿ ಮೊಮ್ಮಗಳೂ ಬದುವಿನಲ್ಲಿ ಚಪ್ಪಲಿ ಬಿಟ್ಟೇ ಉಳ್ಳಾಗಡ್ಡಿ ಹೊಲಕ್ಕೆ ಇಳಿಯುತ್ತಿದ್ದಳು.

ಅವಳಿಗೆ ರಕ್ತದ ಕ್ಯಾನ್ಸರ್ ಆಯಿತು. ದೂರದ ದೊಡ್ಡ ಆಸ್ಪತ್ರೆಯಲ್ಲಿ ಅವಳ ಅಣ್ಣನ ರಕ್ತದಿಂದ ಹೊಸ ರಕ್ತ ಹುಟ್ಟಿಸುವ ಕಾಂಡಕೋಶ ತೆಗೆದು ಇವಳಿಗೆ ಹಾಕಿದರು. ಅವು ಮೈಗೆ ಹೊಂದಿಕೊಂಡವು. ಇನ್ನೇನು ಮನೆಗೆ ಕಳಿಸುತ್ತಾರೆ ಎನ್ನುವಾಗ ಕೆಮ್ಮು ಸುರುವಾಯಿತು. ಔಷಧಿ ಬದಲಿಸಿದರೂ ನಿಲ್ಲಲಿಲ್ಲ. ನನಗೆ ಕುಂತಲ್ಲಿ ಕೂರಲಾಗದು. ಅವಳ ಬಾಗಿಲಿನಿಂದ ಲಿಫ್ಟಿಗೆ, ಲಿಫ್ಟಿನಿಂದ ಬಾಗಿಲಿಗೆ ತಿರುಗುತ್ತಿದ್ದೆ.

ಡಾಕ್ಟರು ಅವಳನ್ನು ಕೇಳಿದರು: "ಬರಿಗಾಲಲೆ ಹೊಲದಾಗ ಅಡ್ಡಾಡಿದ್ದೇನ್ವಾ? ಬಯಲಕಡಿಗೆ ಹೋಗೋ ಜಾಗದಾಗ?"

"ಇಲ್ರಿ. ನಮ್ಮನ್ಯಾಗ ಕಕ್ಕಸ ಐತ್ರಿ," ಎಂದಳು. ರೋಣದಲ್ಲಿ ಕಾಲೇಜು ಕಲಿಯುವ ಹುಡುಗಿ, ನಾಚಿಕೆ.

ಕಕ್ಕಸು ಇದ್ದದ್ದು ಖರೆ. ಅದರೊಳಗೆ ಒಲೆಗೆ ಹಾಕುವ ಸಗಣಿ ಕುಳ್ಳು ಒಟ್ಟಿದವಳು ನಾನು. ಮನೆಮಂದಿಯೆಲ್ಲ ಹೋಗುತ್ತಿದ್ದದ್ದು ಅದೇ ಹೊಲದ ಅಂಚಿಗೆ. ಯಾರಿಗೇ ಆಗಲಿ ಮುಖಕ್ಕೆ ಹೊಡೆದಂತೆ ಹೇಳುವ ನಾನು ಅವತ್ತು ಬಾಯಿ ಮುಚ್ಚಿಕೊಂಡೆ.

ಮರುದಿನ ಅವಳ ಮೂಗಿಗೆ ಆಕ್ಸಿಜನ್ ಕೊಳವೆ ಹಾಕಿದರು. ನಾನು ಡಾಕ್ಟರ ಕೋಣೆಗೆ ನುಗ್ಗಿದೆ.

"ಹುಡುಗಿ ಸುಳ್ಳ ಹೇಳ್ಯಾಳ್ರಿ. ಬರಿಗಾಲಲೆ ಇಳಿಸಿದಾಕಿ ನಾನ. ಕಕ್ಕಸದಾಗ ಕುಳ್ಳ ಅದಾವು."

"ನಿನ್ನೆ ಯಾಕ ಹೇಳಲಿಲ್ಲ, ಅಮ್ಮಾರ?"

"ಬೈಯೂದಿದ್ರ ಆಮ್ಯಾಲ ಬೈರಿ. ಮೊದ್ಲ ಆಕಿನ್ನ ನೋಡ್ರಿ."

ಅವಳ ಕಫದಲ್ಲಿ ಹುಳ ಸಿಕ್ಕವು, ಬರಿಗಣ್ಣಿಗೆ ಕಾಣದಷ್ಟು ಸಣ್ಣವು. ಬಯಲಕಡೆಗೆ ಹೋದ ಜಾಗದ ಮಣ್ಣಿನಿಂದ ಅಂಗಾಲಿನ ತೊಗಲು ತೂರಿ ಒಳಹೊಕ್ಕು ವರ್ಷಗಟ್ಟಲೆ ಕರುಳಿನಲ್ಲಿ ಸುಮ್ಮನಿದ್ದವಂತೆ. ಕಾಂಡಕೋಶ ಹಾಕಲು ಮೈಯ ರೋಗ ತಡೆಯುವ ಶಕ್ತಿ ಕುಗ್ಗಿಸಿದ್ದೇ ತಡ, ಲೆಕ್ಕವಿಲ್ಲದಷ್ಟು ಹೆಚ್ಚಿ ಪುಪ್ಪುಸಕ್ಕೆ ಏರಿದವಂತೆ. ಅವತ್ತೇ ಹುಳದ ಗುಳಿಗೆ ಕೊಟ್ಟರು. ನನ್ನನ್ನೂ ತಪಾಸಣೆ ಮಾಡಿದರು. ನನ್ನ ಹೊಟ್ಟೆಯಲ್ಲೂ ಅದೇ ಹುಳ. ನನಗೆ ಒಂದು ಕೆಮ್ಮೂ ಇರಲಿಲ್ಲ.

ಕೊಳವೆ ತೆಗೆದ ದಿನ ಮೊಮ್ಮಗಳು ಹೇಳಿದಳು: "ಆಯಿ, ಹುಳನೂ ನಿನಗ ಅಂಜಿ ಸುಮ್ನ ಕುಂತಿದ್ವು ನೋಡ."

ನಗಲು ಹೋಗಿ ಕೆಮ್ಮಿದಳು. ನಾನು ಮತ್ತೆ ಎದ್ದು ಬಾಗಿಲಿಗೆ ಹೋದೆ.

ಈಗ ಅವಳು ಮನೆಯಲ್ಲಿದ್ದಾಳೆ. ಗಜೇಂದ್ರಗಡದಿಂದ ಎಲ್ಲರಿಗೂ ರಬ್ಬರ್ ಬೂಟು ತರಿಸಿದ್ದೇನೆ. ಕಳೆ ತೆಗೆಯುವ ಕೆಲಸ ಹಿಂದೆ ಬಿದ್ದಿದೆ. ಕಕ್ಕಸಿನಿಂದ ಹೊರಗೆ ಹಾಕಿದ ಕುಳ್ಳು ಮಳೆಗೆ ನೆನೆಯುತ್ತಿದೆ; ನೆನೆಯಲಿ. ಗಂಟಲಿಗೆ ಅಡಿಕೆ ಸಿಕ್ಕಿ ಯಾರಾದರೂ ಕೆಮ್ಮಿದರೂ ನಾನು ಕೈಯಲ್ಲಿದ್ದ ಕೆಲಸ ಬಿಟ್ಟು ಅವಳ ಕೋಣೆಗೆ ಹೋಗಿ ನೋಡಿ ಬರುತ್ತೇನೆ.