ಕುರಿ ನಿಲ್ಲಿಸಿದ ಹೊಲ

ಅಪ್ಪ ಬೇಸಿಗೆಯಲ್ಲಿ ಔರಾದ ಕಡೆಯ ಬೋಳು ಹೊಲಗಳಲ್ಲಿ ರಾತ್ರಿ ಕುರಿ ನಿಲ್ಲಿಸುತ್ತಿದ್ದ. ಹಿಕ್ಕೆ ಬಿದ್ದ ನೆಲ ಮುಂದಿನ ಬೆಳೆಗೆ ಕಸುವಾಗುತ್ತಿತ್ತು. ಕೂಲಿ ಆಗಲೇ ಕೇಳುವುದಿಲ್ಲ. ಸುಗ್ಗಿಯಲ್ಲಿ ಅದೇ ಹೊಲದ ರಾಶಿಯಿಂದ ಜೋಳ ಕೊಡುತ್ತಾರೆ. ನಮ್ಮ ಮನೆಯ ವರ್ಷದ ರೊಟ್ಟಿ ಅದು. ರಾಶಿಗೆ ಮೊದಲೇ ಕೂಲಿಯ ಮಾತೆತ್ತಿದರೆ ಬೆಳೆಗೆ ದೃಷ್ಟಿ ತಾಗುತ್ತದೆ ಎಂದು ನಮ್ಮವರ ನಂಬಿಕೆ.

ಆ ವರ್ಷ ಅಣ್ಣತಮ್ಮಂದಿರ ಒಂದು ದೊಡ್ಡ ಹೊಲದಲ್ಲಿ, ಅವರ ಹಿರಿಯಣ್ಣನ ಮಾತಿನ ಮೇಲೆ, ಅಪ್ಪ ಬೇಸಿಗೆಯೆಲ್ಲ ಕುರಿ ನಿಲ್ಲಿಸಿದ. ಮಳೆ ಬಿದ್ದ ಮೇಲೆ ಆ ಅಣ್ಣತಮ್ಮಂದಿರು ಪಾಲಿಗಾಗಿ ಕೋರ್ಟಿನ ಮೆಟ್ಟಿಲು ಹತ್ತಿದರು. ತೀರ್ಪಾಗುವವರೆಗೆ ಹೊಲ ನೋಡಿಕೊಳ್ಳಲು ಕೋರ್ಟು ಬೀದರಿನ ವಕೀಲರೊಬ್ಬರನ್ನು ರಿಸೀವರ್ ಆಗಿ ನೇಮಿಸಿತು. ಬಿತ್ತಿಸಿದ್ದು ಅವರೇ, ರಾಶಿ ಮಾಡಿಸಿದ್ದೂ ಅವರೇ. ಜೋಳ ಲಾರಿಯಲ್ಲಿ ಬೀದರಿನ ಮಾರುಕಟ್ಟೆ ಗಾಂಧಿ ಗಂಜಕ್ಕೆ ಹೋಯಿತು, ದುಡ್ಡು ಕೋರ್ಟಿಗೆ. ಅಪ್ಪ ಕೇಳಲು ಹೋದಾಗ ಹಿರಿಯಣ್ಣ ಕೈ ಝಾಡಿಸಿದ.

“ರಾಶಿ ನನ್ನ ಕೈಗೇ ಬರ್ಲಿಲ್ಲ, ಎಲ್ಲಿಂದ ಕೊಡ್ಲಿ? ರಿಸೀವರ್‌ಗ ಕೇಳು.”

ನಾನು ಭಾಲ್ಕಿಯಲ್ಲಿ ಶಿಕ್ಷಕಿ. ರಜೆ ಹಾಕಿ ಅಪ್ಪನ ಜೊತೆ ಬೀದರಿಗೆ ಹೋದೆ. ಆ ವಕೀಲರು ಕೆಟ್ಟವರಾಗಿದ್ದರೆ ಎಷ್ಟೋ ಚೆನ್ನಾಗಿತ್ತು, ಮನಸಾರೆ ಬೈಯಬಹುದಿತ್ತು. ಅವರು ಚಹಾ ತರಿಸಿದರು.

“ನಾ ಅಣ್ಣಗ ನೋಡಿ ನಿಲ್ಲಿಸಿಲ್ರಿ, ಹೊಲಕ್ಕ ನಿಲ್ಲಿಸೀನಿ. ಆ ಹೊಲದ ಜ್ವಾಳ ನೀವು ಮಾರೀರಿ” ಎಂದ ಅಪ್ಪ.

“ನಿಮ್ಮ ಮಾತು ಸುಳ್ಳಂತ ನಾ ಅನ್ನಂಗಿಲ್ರಿ ಕಾಕಾ. ಆದ್ರ ಆ ಕರಾರು ನಾ ಬರೂಕಿಂತ ಮೊದಲಿಂದು, ಅಣ್ಣ ಮಾಡಿದ್ದು. ನಾ ಹೇಳಿ ಮಾಡಿಸಿದ ಕೆಲಸಕ್ಕ ನಾ ಕೊಡ್ತೇನಿ. ಹಿಂದಿಂದಕ್ಕ ಕೋರ್ಟಿನ ಹುಕುಂ ಬೇಕ್ರಿ. ರಾಶಿಗಿ ಮೊದಲೇ ಬಂದು ಹೇಳಿದ್ರ ನಾನೇ ಕೋರ್ಟಿಗಿ ಕೇಳ್ತಿದ್ದೆ. ಯಾಕ ಬರ್ಲಿಲ್ರಿ?”

ಕಾನೂನು ಓದಿದವರ ಮುಂದೆ ಅಪ್ಪ ದೃಷ್ಟಿಯ ಮಾತು ಹ್ಯಾಗೆ ಆಡುತ್ತಾನೆ? ನನಗೆ ಪಿತ್ತ ನೆತ್ತಿಗೇರಿತು.

“ಹಂಗಾದ್ರ ನಮ್ಮ ಗೊಬ್ಬರ ತೆಗದು ವಾಪಸ್ ಕೊಡ್ರಿ” ಎಂದೆ.

ವಕೀಲರು ನಗಲಿಲ್ಲ. ಈಗಲೂ ಅರ್ಜಿ ಹಾಕಬಹುದು, ಆದರೆ ಅಣ್ಣ ಹೌದೆಂದರೆ ತಮ್ಮ ಅಲ್ಲವೆನ್ನುತ್ತಾನೆ, ವರ್ಷಗಟ್ಟಲೆ ಎಳೆಯುತ್ತದೆ ಎಂದರು. ಅಪ್ಪ ಬೇಡವೆಂದ. ಆ ವರ್ಷ ಮೊದಲ ಸಲ ಅಂಗಡಿಯ ಜೋಳ ತಂದೆವು. ಅವ್ವ ರೊಟ್ಟಿ ಬಡಿಯುವಾಗ ಅಪ್ಪ ಒಲೆಯ ಹತ್ತಿರ ಸುಳಿಯುತ್ತಿರಲಿಲ್ಲ. ನನಗೆ ಅದನ್ನು ನೋಡಲು ಆಗುತ್ತಿರಲಿಲ್ಲ.

ಮರು ಬೇಸಿಗೆಗೆ, ನಾನು ರಜೆಗೆ ಮನೆಯಲ್ಲಿದ್ದಾಗ, ವಕೀಲರೇ ಫೋನು ಮಾಡಿದರು. ಈ ಸಲ ಕುರಿ ನಿಲ್ಲಿಸಿರಿ, ಬರೆದೇ ಕೊಡುತ್ತೇನೆ ಎಂದರು.

“ಸುಗ್ಗಿಗಿ ನೀವೇ ಇರ್ತೀರೇನ್ರಿ?” ಎಂದು ಅಪ್ಪ ಕೇಳಿದ.

“ಅದು ಕೋರ್ಟಿನ ಕೈಯಾಗ ಅದರಿ ಕಾಕಾ. ನಾ ಇರ್ಲಿಲ್ಲಂದ್ರೂ ಬರದದ್ದು ಇರ್ತದಲ್ರಿ.”

“ಬ್ಯಾಡಂತ ಹೇಳವ್ವ” ಎಂದು ಅಪ್ಪ ಫೋನು ನನ್ನ ಕೈಗಿಟ್ಟ.

ಅದೇ ವಾರ ಒಂದು ಸಂಜೆ ಅವನ ಜೊತೆ ನಾನೂ ಕುರಿಗಳ ಹಿಂದೆ ನಡೆದಿದ್ದೆ. ದಾರಿ ಕವಲೊಡೆಯುವಲ್ಲಿ ಹಿಂಡು ತಾನಾಗಿಯೇ ಆ ಹೊಲದ ಕಡೆ ತಿರುಗಿತು. ಅಪ್ಪ ಓಡಿ ಅಡ್ಡ ನಿಂತು ಮುಂದಿನ ಕುರಿಯ ಮೋರೆಗೇ ಕೋಲು ಬೀಸಿದ. ಅವನು ಕುರಿಗೆ ಹೊಡೆದದ್ದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಮರುಗಳಿಗೆಯೇ ಕೋಲು ಬಿಸಾಕಿ ಕುಕ್ಕರಗಾಲಲ್ಲಿ ಕುಳಿತು ಅದರ ಮೋರೆ ಸವರತೊಡಗಿದ.

“ಇದಕ್ಕೇನ್ ಗೊತ್ತವ್ವ” ಎಂದ, ನನ್ನ ಕಡೆ ನೋಡದೆ. “ಹೊಲ ಅದೇ ಅದ ಅಂತ ಹೊಂಟಿತ್ತು.”