ಅಣ್ಣನ ಕೋಣೆಯ ಹಸಿರು ದೀಪ

ನನ್ನ ಅಣ್ಣನನ್ನು ಈ ಬೀದಿಯವರೆಲ್ಲ ತಂತಿ ಮಾಮ ಎಂದೇ ಕರೆಯುವುದು. ಮನೆಗಳ ಕಂಪ್ಯೂಟರುಗಳಿಂದ ಫೈಲುಗಳನ್ನಿಡುವ ಸರ್ವರ್ ಎಂಬ ದೊಡ್ಡ ಯಂತ್ರಕ್ಕೆ ಕೇಬಲ್ ಎಳೆದು ಜೋಡಿಸುವುದು ಅವನ ಕಸುಬು. ಕಿವಿಯ ಮೇಲೊಂದು ಪೆನ್ಸಿಲ್, ಮೊಣಕಾಲಿನಡಿಗೆ ಹಳೆಯ ದಿಂಬು. ಕೆಲಸ ಮುಗಿದ ಮೇಲೆ ದೊಡ್ಡದೊಂದು ಫೈಲ್ ಕಳಿಸಿ, ಗಡಿಯಾರ ನೋಡಿ, "ಹೂಂ, ಓಡ್ತಿದೆ" ಎನ್ನುತ್ತಾನೆ. ಅವನ ಬಾಯಿಂದ ಅದಕ್ಕಿಂತ ಉದ್ದದ ಮಾತು ಬಂದರೆ ಅವತ್ತು ಮಳೆ ಬಂದೀತು.

ಅವನದು ಕೆಳಗಿನ ಮನೆ, ತಂಗಿಯಾದ ನನ್ನದು ಮೇಲಿನ ಮನೆ. ಇಬ್ಬರೂ ಒಂಟಿ. ಜನರ ಹಳೆಯ ಫೋಟೋಗಳನ್ನು ಸ್ಕ್ಯಾನ್ ಮಾಡಿ, ಕಲೆ ತೆಗೆದು, ಹರಿದದ್ದನ್ನು ಕೂಡಿಸಿ ಕೊಡುವುದು ನನ್ನ ಕೆಲಸ. ಆ ಭಾರದ ಫೈಲುಗಳೆಲ್ಲ ಇರುವುದು ಅವನ ಕೋಣೆಯ ಸರ್ವರಿನಲ್ಲಿ. "ನಡುವೆ ಯಾವ ರೂಟರ್ ಡಬ್ಬಿಯೂ ಬೇಡ, ನಿಂಗೆ ನೇರ ಲೈನೇ ಹಾಕ್ತೀನಿ" ಎಂದು ಗೋಡೆ ಕೊರೆದು ಅವನೇ ಎಳೆದುಕೊಟ್ಟಿದ್ದ. ನೇರ ಲೈನಾದ್ದರಿಂದ ನಾನು ಕಂಪ್ಯೂಟರ್ ಹಾಕಿದರೆ ಅವನ ಸರ್ವರಿನ ಬೆನ್ನಲ್ಲಿ ಒಂದು ಹಸಿರು ದೀಪ ಹತ್ತುತ್ತದೆ, ಆರಿಸಿದರೆ ಆರುತ್ತದೆ.

ಎರಡು ವರ್ಷ ನಮ್ಮಿಬ್ಬರ ನಡುವೆ ಉಳಿದಿದ್ದದ್ದು ಅದೊಂದೇ. ಅಮ್ಮ ತೀರಿಕೊಂಡಾಗ ಅವನು ಯಾರದೋ ಮನೆಯ ಅಟ್ಟದಲ್ಲಿ ಕೇಬಲ್ ಎಳೆಯುತ್ತಿದ್ದ. ಫೋನ್ ಕೆಳಗೆ ಚೀಲದಲ್ಲಿತ್ತು. ಓಡಿ ಬಂದವನಿಗೆ, ನೆಂಟರೆಲ್ಲರ ಎದುರು, "ಅಮ್ಮನಿಗಿಂತ ತಂತಿ ಹೆಚ್ಚಾಯ್ತೇನೋ ನಿಂಗೆ?" ಅಂದುಬಿಟ್ಟೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಂದಿನಿಂದ ನಮ್ಮಿಬ್ಬರಿಗೆ ಮಾತಿಲ್ಲ. ತಪ್ಪು ನನ್ನದೇ ಅಂತ ಗೊತ್ತು, ಆದರೆ ನನ್ನ ಹಾಳು ಜಂಬ ಮೆಟ್ಟಿಲಿಳಿಯಬೇಕಲ್ಲ! ಕೆಲಸವಿಲ್ಲದ ದಿನವೂ ಬೆಳಿಗ್ಗೆ ಏಳಕ್ಕೆ ಕಂಪ್ಯೂಟರ್ ಹಾಕುತ್ತಿದ್ದೆ. ಅವನು ಆ ದೀಪ ನೋಡುತ್ತಿದ್ದನೋ ಇಲ್ಲವೋ, ದೇವರೇ ಬಲ್ಲ.

ಹೋದ ತಿಂಗಳು ಜ್ವರ ಬಂತು. ಮೂರು ದಿನ ಹಾಸಿಗೆ ಬಿಟ್ಟೇಳಲಿಲ್ಲ, ಕಂಪ್ಯೂಟರ್ ಹಾಕಲಿಲ್ಲ. ದೀಪ ಆರಿದ್ದು ಕಂಡು ಬಂದೇ ಬರುತ್ತಾನೆ ಎಂದು ಬಾಗಿಲಿನ ಚಿಲಕ ತೆಗೆದಿಟ್ಟಿದ್ದೆ. ಮೆಟ್ಟಿಲ ಮೇಲೆ ಸದ್ದಾದಾಗಲೆಲ್ಲ ತಲೆ ಎತ್ತಿದೆ. ಪೇಪರಿನವನು, ಎದುರು ಮನೆಯವರು, ಮತ್ತೆ ಪೇಪರಿನವನು. ಒಂದು ಲೋಟ ನೀರು ಕೊಡುವವರಿಲ್ಲವಲ್ಲ ಎಂದು ಅತ್ತೆ.

ನಾಲ್ಕನೆಯ ದಿನ ಜ್ವರಕ್ಕಿಂತ ಸಿಟ್ಟೇ ಏರಿತು. ಆ ಕೇಬಲನ್ನೇ ಕಿತ್ತು ಅವನ ಮುಖಕ್ಕೆ ಎಸೆಯುತ್ತೇನೆ ಎಂದು ಗೋಡೆ ಹಿಡಿದುಕೊಂಡು ಕೆಳಗಿಳಿದೆ.

ಅಣ್ಣ ನೆಲದ ಮೇಲೆ ಕೂತಿದ್ದ. ಸುತ್ತ ಕತ್ತರಿಸಿದ ಕೇಬಲ್ ತುಂಡುಗಳು, ಕೇಬಲ್ ಸಿಕ್ಕಿಸುವ ಹೊಸ ಕಾರ್ಡಿನ ಖಾಲಿ ಪೆಟ್ಟಿಗೆ. ಸರ್ವರಿನ ಬೆನ್ನನ್ನು ಹಾಸಿಗೆಯ ಕಡೆಗೆ ತಿರುಗಿಸಿಟ್ಟಿದ್ದ. ಮಲಗಿದಾಗ ಕಣ್ಣಿಗೆ ಹೊಡೆಯದಿರಲೆಂದು ದೀಪಗಳಿಗೆಲ್ಲ ಕಪ್ಪು ಟೇಪು ಅಂಟಿಸಿದ್ದ. ನನ್ನದೊಂದನ್ನು ಮಾತ್ರ ಬಿಟ್ಟಿದ್ದ.

"ನಿನ್ನ ಲೈಟ್ ಬರ್ತಿಲ್ಲ ಕಣೇ," ಎಂದ, ತಲೆ ಎತ್ತದೆ. "ಮೂರು ದಿನದಿಂದ ಒದ್ದಾಡ್ತಿದ್ದೀನಿ. ಕೇಬಲ್ ತುದಿ ಬದಲಾಯಿಸ್ದೆ, ಕಾರ್ಡ್ ಬದಲಾಯಿಸ್ದೆ. ಎಲ್ಲಿ ಕೆಟ್ಟಿದೆಯೋ ಗೊತ್ತಾಗ್ತಿಲ್ಲ."

"ಅಯ್ಯೋ ಪೆದ್ದಣ್ಣಾ! ಮೇಲೆ ಬಂದು ನೋಡ್ಬಾರದಿತ್ತಾ? ಜ್ವರ ಬಂದು ಮಲಗಿದ್ದೆ ಕಣೋ!"

ಆಗ ಅವನು ನನ್ನ ಮುಖ ನೋಡಿದ. "ಬೇಕಂತಲೇ ಆರಿಸಿದೀಯೇನೋ ಅಂತ ಹೆದರಿಕೆಯಾಯ್ತು. ಬಂದು ಕೇಳಿ, ನೀನು ಹೌದು ಅಂದ್ಬಿಟ್ರೆ?"

ಕ್ಷಮಿಸು ಅನ್ನಬೇಕಿತ್ತು, ಅನ್ನಲಿಲ್ಲ. ಮೇಲೆ ಹೋಗಿ ಸ್ವಿಚ್ ಒತ್ತಿದೆ. ಕೆಳಗಿನಿಂದ ಕೂಗು ಕೇಳಿಸಿತು: "ಬಂತು!" ಆಮೇಲೆ ಅವನು ಒಳಗೆ ಹೋಗಿ ಬಾಗಿಲು ಮುಚ್ಚಿಕೊಂಡ ಸದ್ದು. ಅಂದಿನಿಂದ ನಾನು ರಾತ್ರಿಯೂ ಕಂಪ್ಯೂಟರ್ ಆರಿಸಿಲ್ಲ.